ಎಳೆದ ದಿಕ್ಕಿಗೆ ಸಾಲುಗಟ್ಟದೆ ಕೋಶಗಳು 60 ಡಿಗ್ರಿ ಓರೆಯಾಗಿ ನಿಂತಿವೆ, ಪ್ರಯೋಗ ಕೆಟ್ಟಿತೇ?

ಪಿಡಿಎಂಎಸ್ (ರಬ್ಬರಿನಂತೆ ಹಿಗ್ಗುವ ಸಿಲಿಕೋನ್) ಹಾಳೆಯ ಮೇಲೆ ಫೈಬ್ರೊಬ್ಲಾಸ್ಟ್ (ಸಂಯೋಜಕ ಅಂಗಾಂಶದ ಕೋಶ) ಬೆಳೆಸಿ, ಸೆಕೆಂಡಿಗೊಮ್ಮೆ 10% ಎಳೆದು ಬಿಡುತ್ತಿದ್ದೀರಿ. ಆರು ಗಂಟೆ ಕಳೆದ ಮೇಲೆ ಕೋಶಗಳು ಓರೆಯಾಗಿವೆ ಎಂದಿದ್ದೀರಿ. ಪ್ರಯೋಗ ಕೆಟ್ಟಿಲ್ಲ. ನಿಮ್ಮ ಹಾಳೆ ನಿಜವಾಗಿ ಹೇಗೆ ಹಿಗ್ಗುತ್ತಿದೆ ಎಂಬುದನ್ನು ಆ 60 ಡಿಗ್ರಿಯೇ ಹೇಳುತ್ತಿದೆ.

ಹಾಳೆಯನ್ನು ಉದ್ದಕ್ಕೆ ಎಳೆದಾಗ ಅಗಲ ಕುಗ್ಗುತ್ತದೆ. ಹಿಗ್ಗುವ ದಿಕ್ಕಿಗೂ ಕುಗ್ಗುವ ದಿಕ್ಕಿಗೂ ನಡುವೆ ಒಂದು ಕೋನದಲ್ಲಿ ಉದ್ದ ಬದಲಾಗುವುದೇ ಇಲ್ಲ. ಅಗಲದ ಕುಗ್ಗು ಉದ್ದದ ಹಿಗ್ಗಿನ 0.3 ಪಾಲಿದ್ದರೆ ಆ ಕೋನ ಸುಮಾರು 61 ಡಿಗ್ರಿ, 0.5 ಪಾಲಿದ್ದರೆ 55, ಅಗಲ ಕುಗ್ಗದಂತೆ ಅಂಚುಗಳನ್ನು ಹಿಡಿದಿಟ್ಟಿದ್ದರೆ 90. (1ನ್ನು ಆ ಪಾಲಿನಿಂದ ಭಾಗಿಸಿ ವರ್ಗಮೂಲ ತೆಗೆದರೆ ಕೋನದ ಟ್ಯಾನ್ ಸಿಗುತ್ತದೆ.) ಕೋಶಗಳು ಹೆಚ್ಚುಕಡಿಮೆ ಅಲ್ಲಿಗೇ ಹೋಗಿ ನಿಲ್ಲುತ್ತವೆ. ಕರಾರುವಾಕ್ಕಾಗಿ ಅಲ್ಲ: ನಿಜವಾದ ಕೋನ ಈ ಲೆಕ್ಕದಿಂದ ಒಂದು ಕ್ರಮದಲ್ಲೇ ಸರಿಯುತ್ತದೆಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2014ರಲ್ಲಿ ತೋರಿಸಿ, ಕೋಶದೊಳಗೆ ಶೇಖರವಾಗುವ ಸ್ಥಿತಿಸ್ಥಾಪಕ ಶಕ್ತಿಯ ಲೆಕ್ಕದಿಂದ ಅದನ್ನು ವಿವರಿಸಿದರು.

ತಿರುಗುವುದು ಮೊದಲು ಕೋಶವಲ್ಲ, ಅದರೊಳಗಿನ, ಆಕ್ಟಿನ್ ಪ್ರೋಟೀನಿನ ಎಳೆಕಟ್ಟುಗಳಾದ ಸ್ಟ್ರೆಸ್ ಫೈಬರ್‌ಗಳು. ಮಯೋಸಿನ್ ಎಂಬ ಎಳೆಯುವ ಪ್ರೋಟೀನು ಅವನ್ನು ಒಂದು ಮಟ್ಟದ ಬಿಗಿಯಲ್ಲಿ ಹಿಡಿದಿರುತ್ತದೆ. ಎಳೆತದ ದಿಕ್ಕಿನಲ್ಲಿರುವ ಎಳೆಗಳ ಬಿಗಿ ಪ್ರತಿ ಸೆಕೆಂಡಿಗೂ ಏರಿಳಿದು ಅವು ಕಳಚಿಹೋಗುತ್ತವೆ. ಉದ್ದ ಬದಲಾಗದ ದಿಕ್ಕಿನಲ್ಲಿ ಕಟ್ಟಿಕೊಂಡವು ಉಳಿಯುತ್ತವೆ. ಎಳೆಗಳು ಒಂದೆರಡು ಗಂಟೆಯಲ್ಲಿ ತಿರುಗಿದರೆ ಕೋಶದ ಮೈ ನಿಧಾನಕ್ಕೆ ಹಿಂಬಾಲಿಸುತ್ತದೆ. ಆವರ್ತನವನ್ನು (ಸೆಕೆಂಡಿಗೆ ಎಷ್ಟು ಬಾರಿ ಎಳೆಯುತ್ತೀರಿ ಎಂಬುದು; ನಿಮ್ಮದು 1 ಹರ್ಟ್ಜ್) 0.01 ಹರ್ಟ್ಜ್‌ಗೆ ಇಳಿಸಿದರೆ ಬಿಗಿಯನ್ನು ಸರಿಹೊಂದಿಸಿಕೊಳ್ಳಲು ಮಯೋಸಿನ್‌ಗೆ ಪುರಸೊತ್ತು ಸಿಗುತ್ತದೆ, ತಿರುಗುವಿಕೆ ಬಹುತೇಕ ಕಾಣುವುದಿಲ್ಲ. 1 ಹರ್ಟ್ಜ್ ದಾಟಿಸಿದರೂ ಹೆಚ್ಚಿನ ಲಾಭವಿಲ್ಲ. ಎಳೆತ 1–2%ಗಿಂತ ಕಡಿಮೆಯಿದ್ದರೆ ಹೆಚ್ಚಿನ ಕೋಶಗಳು ಕದಲುವುದಿಲ್ಲ.

ಯಂತ್ರದ ಪರದೆಯಲ್ಲಿ ತೋರುವ 10%ವನ್ನು ಮಾತ್ರ ನಂಬಬೇಡಿ. ಹಿಡಿಕೆಯಲ್ಲಿ ಹಾಳೆ ಜಾರಿರುತ್ತದೆ, ಅಂಚಿನಲ್ಲಿ ಎಳೆತವೇ ಬೇರೆ ಇರುತ್ತದೆ. ಹಾಳೆಯ ಹಿಂಬದಿಗೆ ಮಾರ್ಕರಿನಿಂದ ಚುಕ್ಕೆಗಳ ಜಾಲ ಹಾಕಿ, ಎಳೆಯುವ ಮುನ್ನ ಮತ್ತು ಪೂರ್ತಿ ಎಳೆದಾಗ ಫೋಟೊ ತೆಗೆದು ಉದ್ದ, ಅಗಲ ಎರಡನ್ನೂ ಅಳೆಯಿರಿ. ಕೋನಗಳನ್ನು ನಡುವಿನ ಮೂರನೇ ಒಂದು ಭಾಗದಲ್ಲಿ ಮಾತ್ರ ತೆಗೆದುಕೊಳ್ಳಿ. ಈ ಒಂದು ಅಳತೆ ಇಲ್ಲದಿದ್ದರೆ ಉಳಿದೆಲ್ಲ ಶ್ರಮ ದಂಡ.

ಕೋಶಗಳು ಕಿತ್ತು ಬರುತ್ತಿದ್ದರೆ ದೋಷ ಬಹುಪಾಲು ಕೋಟಿಂಗಿನದು. ಪಿಡಿಎಂಎಸ್ ನೀರನ್ನು ಒಲ್ಲದು. ಮೇಲ್ಮೈ ನೀರನ್ನು ಒಪ್ಪುವಂತೆ ಆಕ್ಸಿಜನ್ ಪ್ಲಾಸ್ಮಾ (ಅಯಾನೀಕೃತ ಅನಿಲ) ಕೊಟ್ಟ ಕೂಡಲೇ ಮಿಲಿಲೀಟರಿಗೆ 10 ಮೈಕ್ರೊಗ್ರಾಂ ಫೈಬ್ರೊನೆಕ್ಟಿನ್ (ಕೋಶಗಳು ಅಂಟಿಕೊಳ್ಳುವ ಪ್ರೋಟೀನು) ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಬಿಡಿ. ಚದರ ಸೆಂಟಿಮೀಟರಿಗೆ 3,000–5,000 ಕೋಶ ಸಾಕು. ದಟ್ಟವಾದರೆ ಒಂದನ್ನೊಂದು ಹಿಡಿದುಕೊಂಡು ತಿರುಗಲು ತಡಮಾಡುತ್ತವೆ. ರಾತ್ರಿಯಿಡೀ ಅಂಟಲು ಬಿಟ್ಟು, ಅರ್ಧ ಗಂಟೆ 5%ರಲ್ಲಿ ಓಡಿಸಿ ಆಮೇಲೆ 10%ಕ್ಕೆ ಏರಿಸಿ. ಎಳೆಯದ ಹಾಳೆಯೊಂದನ್ನು ಅದೇ ಇನ್‌ಕ್ಯುಬೇಟರಿನಲ್ಲಿಡಿ. ಮೀಡಿಯಂ (ಕೋಶಗಳನ್ನು ಬೆಳೆಸುವ ದ್ರವ) ತುಳುಕುವುದೂ ಕೋಶಗಳಿಗೆ ಒಂದು ಸೂಚನೆಯೇ, ಆದ್ದರಿಂದ ಹಿಗ್ಗದೆ ಬರೀ ಅಲುಗಾಡುವ ಇನ್ನೊಂದು ಹಾಳೆ ಇದ್ದರೆ ವಾದ ಗಟ್ಟಿಯಾಗುತ್ತದೆ.

ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ ಸರಾಸರಿ. 1 ಡಿಗ್ರಿ, 179 ಡಿಗ್ರಿ ಎರಡೂ ಎಳೆತಕ್ಕೆ ಸಮಾನಾಂತರ. ಕೂಡಿ ಭಾಗಿಸಿದರೆ 90 ಬಂದು ಕೋಶಗಳು ಅಡ್ಡ ನಿಂತಂತೆ ಕಾಣುತ್ತದೆ! ಕೋನವನ್ನು ಇಮ್ಮಡಿಸಿ ಕೊಸೈನ್‌ಗಳ ಸರಾಸರಿ ತೆಗೆಯಿರಿ: +1 ಸಮಾನಾಂತರ, –1 ಲಂಬ. ಎಲ್ಲ ಕೋಶಗಳೂ 60 ಡಿಗ್ರಿಯಲ್ಲಿದ್ದರೆ –0.5 ಬರುತ್ತದೆ. ಆದರೆ ಅರ್ಧಂಬರ್ಧ ತಿರುಗಿದ ಕೋಶಗಳೂ ಅದೇ ಸಂಖ್ಯೆ ಕೊಡಬಹುದು, ಹಾಗಾಗಿ ಹಿಸ್ಟೊಗ್ರಾಮ್ (ಯಾವ ಕೋನದಲ್ಲಿ ಎಷ್ಟು ಕೋಶ ಎಂಬುದರ ಸ್ತಂಭಚಿತ್ರ) ನೋಡದೆ ತೀರ್ಮಾನಿಸಬೇಡಿ. 60ರಲ್ಲೂ 120ರಲ್ಲೂ ಎರಡು ಗೋಪುರ ಎದ್ದಿದ್ದರೆ ಮೇಲಿನ ವಿವರಣೆಯೇ ಸರಿ. ಒಂದೇ ಕಡೆ ಎದ್ದಿದ್ದರೆ ಹಾಳೆಯನ್ನು ಓರೆಯಾಗಿ ಸಿಕ್ಕಿಸಿದ್ದೀರಾ ಎಂದು ನೋಡಿ.

ಇದೆಲ್ಲ ಚಪ್ಪಟೆ ಹಾಳೆಯ ಮಾತು. ಕೊಲಾಜನ್ (ಅಂಗಾಂಶದ ನಾರಿನ ಪ್ರೋಟೀನು) ಜೆಲ್‌ನೊಳಗೆ ಕೋಶಗಳು ಸಾಮಾನ್ಯವಾಗಿ ಎಳೆತದ ದಿಕ್ಕಿಗೇ ಸಾಲುಗಟ್ಟುತ್ತವೆ, ಏಕೆಂದರೆ ಅಲ್ಲಿ ಕೊಲಾಜನ್ ನಾರುಗಳೇ ಮೊದಲು ಆ ಕಡೆ ತಿರುಗಿ ದಾರಿ ಹಾಕಿಕೊಡುತ್ತವೆ. ನಿಮಗೆ ಬೇಕಿರುವುದು ಸ್ನಾಯುರಜ್ಜುವಿನಂತೆ ಉದ್ದಕ್ಕೆ ಜೋಡಿಸಿದ ಕೋಶಗಳಾದರೆ, ಜೆಲ್ ಬಳಸಿ ಅಥವಾ ಹಾಳೆಯ ಮೇಲೆ ಎಳೆತದ ದಿಕ್ಕಿಗೆ ಸೂಕ್ಷ್ಮ ಗೀರುಗಳನ್ನು ಅಚ್ಚು ಹಾಕಿ.