ಮಾನ್‌ಸ್ಟೈನ್ ಬರೀ ಸೈನಿಕನಾಗಿದ್ದನೇ?

ಪ್ರಶ್ನೆ: ಎರಡನೇ ಮಹಾಯುದ್ಧದ ಜರ್ಮನ್ ಜನರಲ್‌ಗಳಲ್ಲಿ ಎರಿಕ್ ಫಾನ್ ಮಾನ್‌ಸ್ಟೈನ್ ಅತ್ಯಂತ ಚತುರ, ರಾಜಕೀಯದ ಗೊಡವೆಗೆ ಹೋಗದೆ ಯುದ್ಧವನ್ನಷ್ಟೇ ಮಾಡಿದವನು ಎಂದು ಹಲವು ವಿಡಿಯೊಗಳಲ್ಲಿ ಕೇಳಿದ್ದೇನೆ. ಹಾಗಿದ್ದರೆ ಅವನು ಜೈಲಿಗೆ ಹೋದದ್ದೇಕೆ?

ಉತ್ತರ: ಚತುರ ಎಂಬುದರಲ್ಲಿ ಸಂಶಯವಿಲ್ಲ. 1940ರಲ್ಲಿ ಆರ್ಡೆನ್ ಕಾಡಿನ ಮೂಲಕ ಟ್ಯಾಂಕುಗಳನ್ನು ನುಗ್ಗಿಸಿ, ಬೆಲ್ಜಿಯಂಗೆ ಬಂದಿದ್ದ ಫ್ರೆಂಚ್ ಮತ್ತು ಬ್ರಿಟಿಷ್ ಪಡೆಗಳ ಹಿಂದಿನ ದಾರಿ ಕಡಿಯುವ ಯೋಜನೆ ಮೂಲತಃ ಅವನದು. ಸ್ಟಾಲಿನ್‌ಗ್ರಾಡ್ ಸೋಲಿನ ಬೆನ್ನಿಗೇ, 1943ರ ಮಾರ್ಚ್‌ನಲ್ಲಿ ಉಕ್ರೇನಿನ ಖಾರ್ಕೋವ್ ನಗರ ಮರಳಿ ಜರ್ಮನ್ನರ ಕೈಸೇರಿದ್ದೂ ಅವನ ನೇತೃತ್ವದಲ್ಲೇ.

‘ಯುದ್ಧವನ್ನಷ್ಟೇ’ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. 1941ರಲ್ಲಿ ಸೋವಿಯತ್ ಒಕ್ಕೂಟದ ಕ್ರಿಮಿಯಾದಲ್ಲಿದ್ದ 11ನೇ ಸೇನೆಗೆ ಅವನೇ ದಂಡನಾಯಕ. ಯಹೂದಿ-ಬೋಲ್ಶೆವಿಕ್ (ಸೋವಿಯತ್ ಕಮ್ಯುನಿಸ್ಟ್) ವ್ಯವಸ್ಥೆಯನ್ನು ಬೇರುಸಹಿತ ನಿರ್ನಾಮ ಮಾಡಬೇಕು, ಯಹೂದಿಗಳಿಗೆ ಕಠೋರ ಶಿಕ್ಷೆ ಏಕೆ ಅಗತ್ಯವೆಂದು ಸೈನಿಕರು ಅರಿಯಬೇಕು ಎಂಬ ಆದೇಶ ನವೆಂಬರ್ 20ರಂದು ಅವನ ಸಹಿಯೊಂದಿಗೆ ಹೊರಟಿತು. ಶತ್ರು ನಗರಗಳ ಜನರಲ್ಲಿ ದೊಡ್ಡ ಪಾಲು ಹಸಿದಿರಬೇಕಾಗುತ್ತದೆ ಎಂದೂ ಅದರಲ್ಲಿದೆ. ಮುಂದಿನ ತಿಂಗಳೇ ಕ್ರಿಮಿಯಾದ ಸಿಂಫೆರೋಪೋಲ್ ನಗರದಲ್ಲಿ ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ನ ಹತ್ಯಾದಳ ಹತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಕೊಂದಿತು. ಅವರನ್ನು ಸಾಗಿಸಲು ಲಾರಿ ಕೊಟ್ಟದ್ದು ಇದೇ 11ನೇ ಸೇನೆ. ಸೇನೆ ಬೇರೆ, ಹಂತಕರು ಬೇರೆ ಎಂದು ಗೆರೆ ಎಳೆಯುವವರು ಆ ಲಾರಿಗಳನ್ನು ಎಲ್ಲಿಡುತ್ತಾರೆ?

1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಡೆದಾಗ ಸಾಕ್ಷಿಯಾಗಿ ನಿಂತಾಗ ಆ ಆದೇಶವನ್ನು ಅವನ ಮುಂದಿಟ್ಟರು. ನೆನಪಿಲ್ಲ ಎಂದ. 1949ರಲ್ಲಿ ಹ್ಯಾಂಬರ್ಗ್‌ನ ಬ್ರಿಟಿಷ್ ಸೇನಾ ನ್ಯಾಯಾಲಯದಲ್ಲಿ 17 ಆರೋಪಗಳ ಪೈಕಿ 9 ಸಾಬೀತಾದವು. ನಾಗರಿಕರ ಪ್ರಾಣ ಕಾಯದೆ ಹೋದದ್ದು, ಹಿಮ್ಮೆಟ್ಟುವಾಗ ಜನರ ಆಹಾರವನ್ನೂ ಉಳಿಸದೆ ನಾಶ ಮಾಡಿದ್ದು ಅವುಗಳಲ್ಲಿ ಸೇರಿವೆ. 18 ವರ್ಷಗಳ ಶಿಕ್ಷೆ 12ಕ್ಕೆ ಇಳಿದು, 1953ರಲ್ಲೇ ಬಿಡುಗಡೆಯಾಯಿತು.

ಅಷ್ಟು ಬೇಗ ಬಿಟ್ಟದ್ದಕ್ಕೆ ಕಾಲವೂ ಕಾರಣ. ಶೀತಲ ಸಮರ ಆರಂಭವಾಗಿತ್ತು. ಪಶ್ಚಿಮ ಜರ್ಮನಿಗೆ ಹೊಸ ಸೇನೆ ಕಟ್ಟಬೇಕಿತ್ತು, ಅದಕ್ಕೆ ಅವನ ಸಲಹೆಯನ್ನೂ ಕೇಳಿದರು. ಬ್ರಿಟನ್ನಿನಲ್ಲೂ ಅನುಕಂಪವಿತ್ತು: ಅವನ ವಕೀಲರ ಖರ್ಚಿಗೆಂದು ಚರ್ಚಿಲ್ ಕೂಡ 25 ಪೌಂಡ್ ಕೊಟ್ಟಿದ್ದರು.

ಇನ್ನು ಅವನ ಕೀರ್ತಿಯನ್ನು ಕಟ್ಟಿದ್ದು ಬಹುಮಟ್ಟಿಗೆ ಅವನದೇ ಲೇಖನಿ. 1955ರಲ್ಲಿ ಬಂದ ಆತ್ಮಕಥನದಲ್ಲಿ ಗೆಲುವುಗಳಿಗೆ ಜನರಲ್‌ಗಳ ಬುದ್ಧಿ, ಸೋಲುಗಳಿಗೆ ಹಿಟ್ಲರನ ಹಠ ಕಾರಣ. ನೀವು ನೋಡಿದ ವಿಡಿಯೊಗಳ ಮಾತು ಅದರದೇ ಪ್ರತಿಧ್ವನಿ. ಕ್ರಿಮಿಯಾದ ಕದನಗಳಿಗೆ ಅದರಲ್ಲಿ ಪುಟಗಟ್ಟಲೆ ಜಾಗವಿದೆ. ಸಿಂಫೆರೋಪೋಲ್‌ನ ಯಹೂದಿಗಳ ಹತ್ಯೆಯ ಬಗ್ಗೆ ಒಂದು ಸಾಲೂ ಇಲ್ಲ.