ಲಸಿಕೆ ಹಾಕಿಸಿಕೊಂಡರೂ ನೆಗಡಿ ಬಂತು ಅನ್ನುವವರಿಗೆ

ಚಳಿಗಾಲ ಶುರುವಾಯಿತು ಅಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೈ ತೊಳೆಯುವುದು, ಕೆಮ್ಮುವಾಗ ಬಾಯಿಗೆ ಅಡ್ಡ ಹಿಡಿಯುವುದು, ಇದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿಮಗೆ ಗೊತ್ತಿದೆ, ಮಾಡಿ ಅಷ್ಟೇ.

ಮೂಗಿನಿಂದ ಹಳದಿ ಸಿಂಬಳ ಬರುತ್ತಿದೆ. ಹೋದ ಸಲ ಉಳಿದ ಆಂಟಿಬಯೋಟಿಕ್ ಮಾತ್ರೆ ಮನೆಯಲ್ಲಿದೆ. ತೆಗೆದುಕೊಳ್ಳಲಾ?

ಬೇಡ. ಬಣ್ಣ ನೋಡಿ ಆಂಟಿಬಯೋಟಿಕ್ ಶುರು ಮಾಡುವಂತಿಲ್ಲ. ನೆಗಡಿ ವೈರಸ್‌ನಿಂದ ಬರುವುದು, ಈ ಮಾತ್ರೆ ವೈರಸ್‌ಗೆ ಏನೂ ಮಾಡುವುದಿಲ್ಲ. ಜೇಬಿನಿಂದ ಅರ್ಧ ಖಾಲಿಯಾದ ಮಾತ್ರೆ ಹಾಳೆ ತೆಗೆದು "ಇದು ನಡೆಯುತ್ತಾ ಡಾಕ್ಟ್ರೇ" ಅಂತ ಕೇಳುವವರನ್ನು ವಾರಕ್ಕೆ ಎಷ್ಟು ಜನ ನೋಡುತ್ತೇನೋ. ಅದು ಮನೆಯಲ್ಲಿ ಉಳಿದಿದೆ ಅನ್ನುವುದೇ ನನಗೆ ಚಿಂತೆಯ ವಿಷಯ.

ಹೋದ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡೆ. ಆದರೂ ಮೂರು ಸಲ ನೆಗಡಿ ಆಯಿತು. ಮೊದಲನೆಯದಂತೂ ಇಂಜೆಕ್ಷನ್ ತೆಗೆದುಕೊಂಡ ನಾಲ್ಕನೇ ದಿನಕ್ಕೇ. ಲಸಿಕೆಯಿಂದಲೇ ಬಂತು ಅಂತ ಮನೆಯವರು ಹೇಳುತ್ತಾರೆ. ಅಪ್ಪನಿಗೆ 72 ವರ್ಷ, ಸಕ್ಕರೆ ಕಾಯಿಲೆ ಇದೆ. ಈ ವರ್ಷ ಅವರಿಗೂ ಬೇಡ ಅಂದುಕೊಂಡಿದ್ದೇವೆ. ಸರಿ ತಾನೇ?

ಸರಿಯಲ್ಲ. ನಿಮ್ಮ ವಿಚಾರ ಆಮೇಲೆ ನೋಡೋಣ, ಮೊದಲು ಅಪ್ಪನಿಗೆ ಹಾಕಿಸಿ.

ಈ ಒಂದು ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಬೇರೆ ಬೇರೆ ಮನೆಗಳಿಂದ ಒಂದೇ ಮಾತಿನಲ್ಲಿ ಬರುತ್ತದೆ, ಮತ್ತು ಪ್ರತಿ ಸಲವೂ ಕೊನೆಗೆ ಲಸಿಕೆ ತಪ್ಪುವುದು ಅದು ತೀರಾ ಬೇಕಾಗಿದ್ದವರಿಗೇ. ಅದಕ್ಕೇ ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ನೆಗಡಿ ಬೇರೆ, ಫ್ಲೂ ಬೇರೆ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚಿವೆ. ಅದರಲ್ಲಿ ದೊಡ್ಡ ಪಾಲು ರೈನೋವೈರಸ್‌ಗಳದ್ದು. ಅವುಗಳಲ್ಲೇ ನೂರಕ್ಕೂ ಹೆಚ್ಚು ಬಗೆ, ಹಾಗಾಗಿ ನೆಗಡಿಗೆ ಲಸಿಕೆ ಅಂತ ಒಂದು ಇವತ್ತಿಗೂ ಇಲ್ಲ. ಫ್ಲೂ ತರುವುದು ಇನ್‌ಫ್ಲುಯೆಂಜಾ ವೈರಸ್. ಚಳಿಗಾಲದಲ್ಲಿ ಜನರಲ್ಲಿ ಹರಡುವುದು ಅದರ ಎ ಮತ್ತು ಬಿ ಬಗೆಗಳು, ಲಸಿಕೆ ಇರುವುದು ಅವಕ್ಕೆ ಮಾತ್ರ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ ನೆಗಡಿ ಆಗುವುದು ಮಾಮೂಲು. ನಿಮಗೆ ಆಗಿದ್ದೂ ಅಷ್ಟೇ. ಅದಕ್ಕೆ ಫ್ಲೂ ಲಸಿಕೆಯನ್ನು ಬೈಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಎರಡರ ವ್ಯತ್ಯಾಸ ಎಷ್ಟೋ ಸಲ ಕ್ಲಿನಿಕ್ಕಿನ ಬೆಂಚಿನ ಮೇಲೇ ಕಾಣುತ್ತದೆ. ನೆಗಡಿ ಆದವರು ಮೂಗು ಒರೆಸಿಕೊಳ್ಳುತ್ತಾ ಫೋನ್ ನೋಡುತ್ತಿರುತ್ತಾರೆ. ಯಾವಾಗಿನಿಂದ ಅಂದರೆ "ಮೊನ್ನೆ ಗಂಟಲು ಕೆರೆಯುತ್ತಿತ್ತು, ನಿನ್ನೆ ಮೂಗು ಕಟ್ಟಿತು" ಅನ್ನುತ್ತಾರೆ. ಫ್ಲೂ ಬಂದವರು ಗಂಟೆ ಹೇಳುತ್ತಾರೆ. "ನಿನ್ನೆ ಮಧ್ಯಾಹ್ನ ಮೂರರವರೆಗೆ ಚೆನ್ನಾಗಿದ್ದೆ, ಸಂಜೆಗೆ ಎದ್ದು ನಿಲ್ಲಲು ಆಗಲಿಲ್ಲ." ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿ ಕೂತಿರುತ್ತಾರೆ. ಹೆಸರು ಕರೆದರೆ ಜೊತೆಗೆ ಬಂದವರು ತೋಳು ಹಿಡಿದು ಎಬ್ಬಿಸಬೇಕು. ಎಲ್ಲರಲ್ಲೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ ಅನ್ನುವುದೂ ನೆನಪಿರಲಿ, ವಯಸ್ಸಾದವರಲ್ಲಿ ಜೋರು ಜ್ವರವೇ ಇಲ್ಲದೆ ಬರೀ ಸುಸ್ತು, ಊಟ ಸೇರದಿರುವುದು, ಮಾತು ತಡವರಿಸುವುದು ಇಷ್ಟೇ ಕಾಣಬಹುದು.

ಇನ್ನು ನಾಲ್ಕನೇ ದಿನದ ವಿಷಯ. ಇಂಜೆಕ್ಷನ್ ರೂಪದ ಫ್ಲೂ ಲಸಿಕೆಯಲ್ಲಿ ಜೀವ ಇರುವ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಅಷ್ಟೇ. ಇನ್ನೊಂದು, ಲಸಿಕೆ ಕೆಲಸ ಶುರು ಮಾಡಲು ಸುಮಾರು 2 ವಾರ ಬೇಕು. ಆ ನಡುವೆ ಬೇರೆ ಯಾವುದೋ ವೈರಸ್ ಅಂಟಿತು. ಇಂಜೆಕ್ಷನ್ ತೆಗೆದುಕೊಳ್ಳದಿದ್ದರೂ ಅಂಟುತ್ತಿತ್ತು.

ಹಾಗಂತ ಲಸಿಕೆ ಹಾಕಿಸಿಕೊಂಡರೆ ಫ್ಲೂ ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ಅದೂ ಸುಳ್ಳು. ಈ ವೈರಸ್ ತನ್ನ ಮೈಮೇಲಿನ ಗುರುತುಗಳನ್ನು ಬದಲಿಸುತ್ತಲೇ ಇರುತ್ತದೆ. ಅದಕ್ಕೇ ವರ್ಷ ವರ್ಷ ಹೊಸ ಲಸಿಕೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಕೂತು, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ, ಮುಂದಿನ ಲಸಿಕೆಯಲ್ಲಿ ಯಾವ ಬಗೆಗಳಿರಬೇಕು ಅಂತ ಹೇಳುತ್ತಾರೆ. ತಯಾರಿಸಲು ತಿಂಗಳುಗಟ್ಟಲೆ ಬೇಕಲ್ವಾ, ಅಷ್ಟರಲ್ಲಿ ವೈರಸ್ ಇನ್ನಷ್ಟು ಬದಲಾಗಿದ್ದರೆ ಆ ವರ್ಷ ಹೊಂದಾಣಿಕೆ ಕಡಿಮೆ. ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಡಾಕ್ಟರ ಹತ್ತಿರ ಹೋಗುವಂಥ ಫ್ಲೂ ಸುಮಾರು 40ರಿಂದ 60 ಶೇಕಡಾ ಕಡಿಮೆಯಾಗುತ್ತದೆ. ಇಷ್ಟೇನಾ ಅನ್ನಬೇಡಿ. ಲಸಿಕೆ ಹಾಕಿಸಿಕೊಂಡೂ ಫ್ಲೂ ಬಂದವರಲ್ಲಿ ಐಸಿಯುವರೆಗೆ ಹೋಗುವವರು ಕಡಿಮೆ. ನನಗೆ ಮುಖ್ಯ ಅದೇ.

ಕೆಲವು ವರ್ಷಗಳ ಹಿಂದೆ ಒಬ್ಬರನ್ನು ನೋಡಿದ್ದೆ. ಹೆಚ್ಚುಕಡಿಮೆ ನಿಮ್ಮ ಅಪ್ಪನ ವಯಸ್ಸು, ಅವರಿಗೂ ಸಕ್ಕರೆ ಕಾಯಿಲೆ. "ಬರೀ ನೆಗಡಿ" ಅಂತ ಐದು ದಿನ ಮನೆಯಲ್ಲೇ ಇದ್ದರು. ಬಂದಾಗ ಒಂದು ಮಾತು ಮುಗಿಸಲು ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರು, ಉಗುರಿನ ಬುಡ ನೀಲಿಗಟ್ಟಿತ್ತು. ಫ್ಲೂ ಜೊತೆಗೆ ನ್ಯುಮೋನಿಯಾ ಸೇರಿಕೊಂಡಿತ್ತು. ಬದುಕಿದರು. ಆದರೆ ಮನೆ ಸೇರಲು ಮೂರು ವಾರ ಬೇಕಾಯಿತು, ಆಮೇಲೂ ಮೊದಲಿನ ಹಾಗೆ ಆಗಲಿಲ್ಲ. ಲಸಿಕೆ ಹಾಕಿಸಿದ್ದರೆ ಹೀಗಾಗುತ್ತಿರಲಿಲ್ಲವಾ ಅಂತ ಮಗ ಕೇಳಿದ. ಆಗುತ್ತಿರಲಿಲ್ಲ ಅಂತ ಖಂಡಿತವಾಗಿ ಹೇಳಲು ನನಗೆ ಆಗಲಿಲ್ಲ, ಈಗಲೂ ಆಗುವುದಿಲ್ಲ. ಆದರೆ ಆ ಪ್ರಶ್ನೆಯನ್ನು ನೀವು ಕೇಳುವಂತಾಗುವುದು ನನಗೆ ಬೇಡ.

ಆದ್ದರಿಂದ ಫ್ಲೂ ಜೋರಾಗುವ ಮೊದಲೇ ಹಾಕಿಸಿ. ತಡವಾಗಿದ್ದರೂ ಹಾಕಿಸಿ. ಹೋದ ವರ್ಷದ್ದು ಈ ವರ್ಷಕ್ಕೆ ಸಾಲದು. ಬಸುರಿಯರು ಹಾಕಿಸಿಕೊಳ್ಳಬೇಕು, ಯಾಕೆಂದರೆ 6 ತಿಂಗಳೊಳಗಿನ ಮಗುವಿಗೆ ಈ ಲಸಿಕೆ ಕೊಡುವ ಹಾಗಿಲ್ಲ, ತಾಯಿಯಿಂದ ಹೋಗುವ ರಕ್ಷಣೆಯೇ ಅದಕ್ಕೆ ಆಸರೆ. ಆಸ್ತಮಾ, ಹೃದಯದ ತೊಂದರೆ, ಕಿಡ್ನಿ ತೊಂದರೆ ಇರುವವರೂ ಬಿಡಬಾರದು. ಹಿಂದೆ ಇದೇ ಲಸಿಕೆಗೆ ಉಸಿರುಕಟ್ಟುವಂಥ ಅಲರ್ಜಿ ಆಗಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ಹೇಳಿ. ಮತ್ತೆ ನೀವೂ ಹಾಕಿಸಿಕೊಳ್ಳಿ, ಅಪ್ಪನ ಪಕ್ಕದಲ್ಲಿ ಕೂತು ಕೆಮ್ಮುವುದು ನೀವೇ ಅಲ್ವಾ? ಫ್ಲೂ ಬಂದವರು ಮೈ ಕಾಯುವ ಮುಂಚಿನ ದಿನದಿಂದಲೇ ಇತರರಿಗೆ ಹಂಚಲು ಶುರು ಮಾಡಿರುತ್ತಾರೆ.

ಇಷ್ಟೆಲ್ಲ ಮಾಡಿಯೂ ಅಪ್ಪನಿಗೆ ದಿಢೀರ್ ಜ್ವರ, ಮೈಕೈ ನೋವು ಬಂದರೆ ನಾಳೆ ನೋಡೋಣ ಅನ್ನಬೇಡಿ. ಫ್ಲೂಗೆ ಒಸೆಲ್ಟಾಮಿವಿರ್ ಅನ್ನುವ ಔಷಧಿ ಇದೆ. ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಅದರ ಉಪಯೋಗ ಜಾಸ್ತಿ. ಅದನ್ನೂ ಡಾಕ್ಟರೇ ಬರೆಯಬೇಕು, ನೀವಾಗಿ ತಂದು ಕೊಡುವುದಲ್ಲ.

ತಲೆ ಒದ್ದೆ ಇಟ್ಟುಕೊಂಡು ಚಳಿಯಲ್ಲಿ ಓಡಾಡಿದರೆ ನೆಗಡಿ ಬರುತ್ತಾ?

ವೈರಸ್ ಇಲ್ಲದೆ ನೆಗಡಿ ಇಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಯ ಅಧ್ಯಯನಕ್ಕೆ ಅಂತಲೇ ಒಂದು ಕೇಂದ್ರ ಶುರುವಾಗಿತ್ತು. ಅಲ್ಲಿ ಸ್ವಂತ ಇಚ್ಛೆಯಿಂದ ಬಂದವರನ್ನು ಒದ್ದೆ ಮಾಡಿ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿ ನೋಡಿದರು, ಬರೀ ಅಷ್ಟಕ್ಕೆ ನೆಗಡಿ ಬರಲಿಲ್ಲ. ಚಳಿಗಾಲದಲ್ಲಿ ನಾವು ಮಾಡುವ ತಪ್ಪು ಬೇರೆ: ಚಳಿ ಅಂತ ಎಲ್ಲ ಕಿಟಕಿ ಮುಚ್ಚಿ ಹತ್ತು ಜನ ಒಂದೇ ಕೋಣೆಯ ಗಾಳಿ ಉಸಿರಾಡುತ್ತೇವೆ. ಒಣಗಾಳಿಯಲ್ಲಿ ಫ್ಲೂ ವೈರಸ್ ಹೆಚ್ಚು ಹೊತ್ತು ಉಳಿಯುತ್ತದೆ. ತಲೆ ಒರೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಕಿಟಕಿಯನ್ನೂ ತೆರೆಯಿರಿ.

ಮಗುವಿಗೆ ಮೂಗು ಕಟ್ಟಿದೆ. ಬಿಸಿನೀರಿನ ಪಾತ್ರೆಯಿಂದ ಹಬೆ ಕೊಡಬಹುದಾ?

ಬೇಡ. ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳನ್ನು ನೋಡಿದ್ದೇನೆ. ನೆಗಡಿ ಒಂದು ವಾರ ಹತ್ತು ದಿನದಲ್ಲಿ ಹೋಗುತ್ತದೆ, ಸುಟ್ಟ ಕಲೆ ಹೋಗುವುದಿಲ್ಲ. ಮೂಗಿಗೆ ಹಾಕುವ ಉಪ್ಪುನೀರಿನ ಡ್ರಾಪ್ಸ್ ಸಾಕು.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ತೆಗೆದುಕೊಂಡರೆ ಲಸಿಕೆ ಬೇಕಿಲ್ಲವಂತೆ, ಹೌದಾ?

ಹಾಗೆ ಹೇಳಿದವರು ಪುಡಿ ಮಾರುವವರೇ ಇರಬೇಕು. ಸುಮ್ನೆ ದುಡ್ಡು ಕೊಡಬೇಡಿ. ವಿಟಮಿನ್ ಸಿ ಕೂಡ ಸಾಮಾನ್ಯ ಜನರಿಗೆ ನೆಗಡಿ ಬಾರದಂತೆ ತಡೆಯುವುದಿಲ್ಲ. ದಿನಾ ತೆಗೆದುಕೊಳ್ಳುವವರಿಗೆ ನೆಗಡಿ ಸ್ವಲ್ಪ ಬೇಗ ಹೋಗಬಹುದು ಅಷ್ಟೇ.

ಮಗನಿಗೆ ರಾತ್ರಿ ಜ್ವರ ಇತ್ತು. ಮಾತ್ರೆ ಕೊಟ್ಟ ಮೇಲೆ ಇಳಿದಿದೆ. ಪರೀಕ್ಷೆ ಇದೆ, ಶಾಲೆಗೆ ಕಳಿಸಲಾ?

ಕಳಿಸಬೇಡಿ. ಜ್ವರ ಹೋಗಿಲ್ಲ, ಮಾತ್ರೆ ಅದನ್ನು ಇಳಿಸಿದೆ ಅಷ್ಟೇ. ಮಾತ್ರೆ ಇಲ್ಲದೆ ಪೂರ್ತಿ 24 ಗಂಟೆ ಜ್ವರ ಬರದಿದ್ದರೆ ಆಗ ಕಳಿಸಿ. ಪರೀಕ್ಷೆಯ ಬಗ್ಗೆ ಟೀಚರ್ ಹತ್ತಿರ ಮಾತಾಡಿ, ಬೇಕಿದ್ದರೆ ನಾನು ಚೀಟಿ ಬರೆದುಕೊಡುತ್ತೇನೆ. ಮತ್ತೆ ಆ ಮಾತ್ರೆ ಆಸ್ಪಿರಿನ್ ಅಲ್ಲ ತಾನೇ? ಫ್ಲೂ ಇರುವ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಈಗಲೇ ಹಾಳೆ ತಿರುಗಿಸಿ ಹೆಸರು ಓದಿ.