ವಾರಗಿತ್ತಿ ವಯಸ್ಸಲ್ಲಿ ಚಿಕ್ಕವಳು; ‘ಅಕ್ಕ’ ಅನ್ನಲೇಬೇಕೇ?

ಸುಧಾ (ಹೆಸರು, ಗುರುತು ಬದಲಿಸಿದೆ) 33 ವರ್ಷದ ಉದ್ಯೋಗಸ್ಥೆ, ಹಾಸನ ಕಡೆಯ ಕೂಡುಕುಟುಂಬದ ಕಿರಿಸೊಸೆ. ಮದುವೆಯಾಗಿ ಎಂಟು ತಿಂಗಳು. ಹಿರಿಸೊಸೆ ವೀಣಾಗೆ 27. ಆ ಮನೆಗೆ ಬಂದು ಆರು ವರ್ಷ. ವೀಣಾಳನ್ನು ‘ಅಕ್ಕ’ ಎನ್ನಬೇಕೆಂದು ಅತ್ತೆಯ ಪಟ್ಟು. ಸುಧಾ ಏನೂ ಕರೆಯದೆ ‘ಇಲ್ನೋಡಿ’ ಎಂದೇ ದಿನ ದೂಡುತ್ತಿದ್ದರು. ಗೌರಿಹಬ್ಬದಲ್ಲಿ ನೆಂಟರೆದುರೇ ಅತ್ತೆ ತಿದ್ದಿದರು. ಅಲ್ಲಿಂದ ಅತ್ತೆ-ಸೊಸೆ ಮಾತು ಬಿಟ್ಟರು. ಸುಧಾ ನಮ್ಮಲ್ಲಿಗೆ ಸಲಹೆ ಕೇಳಿ ಬಂದದ್ದು ಆಗ.

ಅಣ್ಣತಮ್ಮಂದಿರ ಹೆಂಡಿರು ಪರಸ್ಪರ ವಾರಗಿತ್ತಿಯರು. ಉತ್ತರ ಕರ್ನಾಟಕದಲ್ಲಿ ನೆಗೆಣ್ಣಿ. ಇದು ಬೇರೆಯವರಿಗೆ ಸಂಬಂಧ ಹೇಳುವಾಗಿನ ಮಾತು, ಎದುರಿಗೆ ಯಾರೂ ‘ವಾರಗಿತ್ತೀ’ ಎಂದು ಕೂಗುವುದಿಲ್ಲ. ಎದುರಿಗೆ ಕರೆಯುವಾಗ ಗಂಡಂದಿರ ಹಿರಿತನವೇ ಲೆಕ್ಕ. ಮಕ್ಕಳಿಗೂ ಹಾಗೇ: ವಯಸ್ಸೆಷ್ಟೇ ಇರಲಿ, ವೀಣಾ ದೊಡ್ಡಮ್ಮ, ಸುಧಾ ಚಿಕ್ಕಮ್ಮ. ವಾಡಿಕೆಯ ಮಟ್ಟಿಗೆ ಅತ್ತೆ ಹೇಳಿದ್ದು ತಪ್ಪಲ್ಲ.

ಆದರೆ ಕೇಳುತ್ತಾ ಹೋದಂತೆ ಬೇರೆಯೇ ಹೊರಬಂತು. ವೀಣಾಳ ‘ಬಾರೇ ಸುಧಾ, ಪಾತ್ರೆ ತೊಳ್ಕೊಂಡ್ಬಿಡು’ ಎಂಬ ಏಕವಚನ ಚುಚ್ಚುತ್ತಿತ್ತು. ಜೊತೆಗೆ, ಅವಳು ಅಕ್ಕನಾದರೆ ಬೆಳಗಿನ ತಿಂಡಿ ತಂಗಿಯ ಪಾಲಿಗೇ ಬರುತ್ತದೆಂಬ ಭಯ, ಇವರೋ 8.15ರ ಬಸ್ಸು ಹಿಡಿಯಬೇಕಾದವರು.

ಕೊಟ್ಟ ಸಲಹೆ: ವಚನದ ಮಾತು, ಕೆಲಸದ ಮಾತು ಒಂದೇ ದಿನ ಎತ್ತಬೇಡಿ; ಎರಡೂ ಸೇರಿದರೆ ಕೆಲಸಗಳ್ಳತನಕ್ಕೆ ನೆಪ ಹುಡುಕಿದಂತೆ ಕೇಳಿಸುತ್ತದೆ. ಮೊದಲು ವಚನ. ಅತ್ತೆ ಇಲ್ಲದ ಹೊತ್ತು ನೋಡಿ ವೀಣಾಗೆ ನೇರವಾಗಿ ಹೇಳಿ: ‘ನಾನು ವೀಣಕ್ಕ ಅಂತೀನಿ. ನೀವು ಸುಧಾ ಅಂತಲೇ ಕರೀರಿ, ಆದ್ರೆ ಬನ್ನಿ-ಹೋಗಿ ಅನ್ನಿ.’ ಬರೀ ‘ಅಕ್ಕ’ಗಿಂತ ‘ವೀಣಕ್ಕ’ ಬಾಯಿಗೆ ಸಲೀಸು. ಇದನ್ನು ಗಂಡನ ಕೈಲಿ ಹೇಳಿಸಬಾರದು. ಹೆಂಗಸರ ಮುನಿಸು ಅಣ್ಣತಮ್ಮಂದಿರ ಜಗಳವಾಗಿ ಪಾಲಿನ ಮಾತಿಗೆ ತಿರುಗುವುದು ಹೀಗೆಯೇ.

ಗಂಡ ಬಾಯಿ ಬಿಡಬೇಕಾದ್ದು ಎರಡನೆಯದಕ್ಕೆ. ಅಮ್ಮನ ಬಳಿ ‘ಅವಳಿಗೆ ಕಷ್ಟ’ ಎನ್ನದೆ, ‘ಬೆಳಗ್ಗೆ ನಮ್ಮಿಬ್ಬರಿಗೂ ಆಗಲ್ಲ, ರಾತ್ರಿ ಅಡುಗೆ ನಾವು ನೋಡ್ಕೋತೀವಿ’ ಎನ್ನಬೇಕು. ಅಂದಮೇಲೆ ತರಕಾರಿ ಹೆಚ್ಚುವುದಕ್ಕಾದರೂ ಕೂರಬೇಕು! ಹಬ್ಬದ ಕಲಶ, ಮೊದಲ ಅರಿಶಿನ-ಕುಂಕುಮ ಹಿರಿಸೊಸೆಗೇ ಇರಲಿ, ಅಲ್ಲಿ ಜಗ್ಗಾಡಬೇಡಿ.

ಆರು ವಾರದ ನಂತರ: ವೀಣಾ ಬಹುವಚನಕ್ಕೆ ಬಂದಿದ್ದಾರೆ, ಅವಸರದಲ್ಲಿ ಮಾತ್ರ ‘ಬಾರೇ’ ಜಾರುತ್ತದೆ. ಅತ್ತೆ ಮಾತಾಡುತ್ತಿದ್ದಾರೆ. ತಿಂಡಿಯ ವಿಷಯ ಗಂಡ ಇನ್ನೂ ಎತ್ತಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆದಿದೆ.